ನೀಲಾಳ ಅನ್ನ ಅಡಿ ಹಿಡಿದ ಕಾಲ

ಅನ್ನ ಸೀದ ವಾಸನೆ ಬಂದರೆ ಜನ ಮೂಗು ಮುಚ್ಚುತ್ತಾರೆ. ನನಗೆ ನನ್ನ ಆಯಿ, ಅಂದರೆ ಹೆತ್ತ ತಾಯಿ, ನೀಲಾ ನೆನಪಾಗುತ್ತಾಳೆ. ಹಾಗೆಂದು ಅವಳಿಗೆ ಅಡುಗೆ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಇಡೀ ಹೊಳನಗದ್ದೆಯಲ್ಲಿ ಬೆಳ್ತಿಗೆ ಅನ್ನ, ಅಂದರೆ ಬಿಳಿ ಅಕ್ಕಿಯ ಅನ್ನ, ಅಡಿ ಹಿಡಿಯದಂತೆ ಮಾಡಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

ಕುಚ್ಚಲಕ್ಕಿ ಉಂಡು ಬೆಳೆದ ಊರು ನಮ್ಮದು. ಅದನ್ನು ಒಲೆಯ ಮೇಲಿಟ್ಟು ಗದ್ದೆಗೆ ಹೋಗಿ ಬಂದರೂ ಮುನಿಸಿಕೊಳ್ಳುವುದಿಲ್ಲ. ಯುದ್ಧದ ಕಾಲದಲ್ಲಿ ನಮ್ಮ ಭತ್ತ ಸರಕಾರದ ಪಾಲಾಗಿ, ಕುಮಟೆಯ ರೇಶನ್ ಅಂಗಡಿಯಿಂದ ಬಿಳಿ ಅಕ್ಕಿ ಬರತೊಡಗಿತು. ಎಲ್ಲರೂ ಹಳೆಯ ಅಭ್ಯಾಸದಲ್ಲೇ ಬೇಯಿಸಿದರು. ಮೇಲೆ ಅಂಟು, ಕೆಳಗೆ ಇದ್ದಿಲು.

ಆಯಿ ಮಾತ್ರ ನೀರು ತಿಳಿಯಾಗುವವರೆಗೆ ಅಕ್ಕಿ ತೊಳೆಯುತ್ತಿದ್ದಳು. ಎಸರು ಕೊತಕೊತ ಕುದ್ದ ಮೇಲೆಯೇ ಅಕ್ಕಿ. ಒಮ್ಮೆ ಸೌಟಾಡಿಸಿದರೆ ಮತ್ತೆ ಮುಟ್ಟುತ್ತಿರಲಿಲ್ಲ. ಅಗುಳು ಹಿಚುಕಿ ನೋಡಿ, ಸೌದೆ ಹಿಂದಕ್ಕೆಳೆದು, ಗಂಜಿನೀರು ಬಸಿದು, ಕೆಂಡದ ಮೇಲೆ ಮುಚ್ಚಿಡುತ್ತಿದ್ದಳು. ಮದುವೆ ಮನೆಯವರು ಅನ್ನಕ್ಕೆಂದೇ ಅವಳನ್ನು ಕರೆಯುತ್ತಿದ್ದರು. ಅವಳಿಗೆ ಕೊಂಚ ಜಂಬವೂ ಇತ್ತು, ಇರಲಿ.

ಬೇಲಿಯಾಚೆಯ ತಿಮ್ಮಿಯ ಗಂಡ ದೋಣಿ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಮನೆಯಲ್ಲಿ ನಾಲ್ಕು ಮಕ್ಕಳು. ದಿನವೂ ಪಾತ್ರೆ ಹಿಡಿದು ನಮ್ಮ ಹಿತ್ತಿಲಿಗೆ ಬರುತ್ತಿದ್ದಳು.

"ನೀಲಕ್ಕ, ಗಂಜಿನೀರು ಇದ್ರೆ ಕೊಡೆ. ಕರಕ್ಕೆ."

ಅವಳು ಕರುವನ್ನು ಮಾರಿ ತಿಂಗಳಾದದ್ದು ಕೇರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಒಂದು ದಿನ ಆಯಿ ಗಂಜಿನೀರಿನೊಳಗೆ ಎರಡು ಸೌಟು ಅನ್ನ ಹಾಕಿದಳು. ತಿಮ್ಮಿ ಅದನ್ನು ನೋಡಿದಳು.

"ಕರಕ್ಕೆ ಅನ್ನ ಎಂತಕ್ಕೆ?" ಎಂದವಳು ಪಾತ್ರೆಯನ್ನೇ ಬಾವಿಕಟ್ಟೆಯ ಮೇಲೆ ಬಿಟ್ಟು ಹೋದಳು. ಮರುದಿನ ಬರಲೇ ಇಲ್ಲ.

ಆಮೇಲೆ ಆಯಿಯ ಅನ್ನ ಅಡಿ ಹಿಡಿಯತೊಡಗಿತು. ನೀರು ಕಡಿಮೆ, ಬೆಂಕಿ ಜೋರು. ತಳದ ಸುಟ್ಟ ಅನ್ನದ ಜೊತೆ ಒಳ್ಳೆಯದೂ ಎದ್ದು ಬರುವಂತೆ ಕೆರೆದು ಬೇಲಿಯ ಬಳಿ ಒಯ್ಯುತ್ತಿದ್ದಳು.

"ಸುಟ್ಟೋತು ತಿಮ್ಮಿ. ನಮ್ಮನೇಲಿ ಯಾರೂ ಮುಟ್ಟೂದಿಲ್ಲ. ನಿನ್ ಕರಕ್ಕಾದ್ರೂ ಆತು."

ಸುಟ್ಟದ್ದನ್ನು ತಿಮ್ಮಿ ತೆಗೆದುಕೊಂಡಳು.

ಆಯಿಯ ಅತ್ತೆ, ನನ್ನ ಅಜ್ಜಿ ಗಣಪಿಯದು ಬಾಯಿ ಬೊಂಬಾಯಿ. "ಅಕ್ಕಿ ಸಿಗದ ಕಾಲದಲ್ಲಿ ಎಂತ ಅಡುಗೆಯೇ ಇದು? ನಿನ್ನವ್ವಿ ಇದನ್ನೇ ಕಲ್ಸಿದ್ಳಾ?" ಎಂದು ಕೇರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಆಯಿ ತಲೆ ಬಗ್ಗಿಸಿ ತಳ ಕೆರೆಯುತ್ತಿದ್ದಳು. ಮದುವೆ ಮನೆಯವರು ಕರೆಯುವುದನ್ನು ಬಿಟ್ಟರು. ಅದು ಅವಳಿಗೆ ನಿಜಕ್ಕೂ ನೋವು ಕೊಟ್ಟಿತು. ಅವಳಿಗಿದ್ದದ್ದು ಅದೊಂದೇ ಹೆಸರು.

ಆಷಾಢದಲ್ಲಿ ಆಯಿಗೆ ಚಳಿಜ್ವರ ಬಂತು. ಅಜ್ಜಿ ಒಲೆಯ ಮುಂದೆ ಕೂತಳು. ಸ್ವಲ್ಪ ಹೊತ್ತಿನಲ್ಲಿ ಸೀದ ವಾಸನೆ ಮನೆ ತುಂಬಿತು. ಅಜ್ಜಿ ಅರ್ಧದಷ್ಟು ಒಳ್ಳೆಯ ಅನ್ನವನ್ನು ಬೋಗುಣಿಗೆ ಬಗೆದು ಹಾಕಿ, ಮೇಲೆ ಸುಟ್ಟದ್ದನ್ನು ಮುಚ್ಚಿ, ಮಳೆಯಲ್ಲೇ ಬೇಲಿಯತ್ತ ನಡೆದಳು.

"ತಿಮ್ಮೀ, ನಂಗೂ ಅಡಿ ಹಿಡೀತು. ಕರಕ್ಕೆ ಹಾಕೇ."

ಆಯಿ ಚಾಪೆಯ ಮೇಲೆ ಎದ್ದು ಕೂತಳು. ಒಳಬಂದ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ದನಿ ತಗ್ಗಿಸಿದಳು.

"ನೀ ಸುಡೂದು ಸಾಲೂದಿಲ್ಲ. ಅಲ್ಲಿ ಮಕ್ಕಳು ನಾಲ್ಕು."

ಆಯಿ ಅತ್ತುಬಿಟ್ಟಳು. ಬೈಗುಳವನ್ನು ಮಾತ್ರ ಅಜ್ಜಿ ಮಾರನೆಯ ದಿನವೂ ನಿಲ್ಲಿಸಲಿಲ್ಲ. ತಿಮ್ಮಿ ಸಂಕೋಚವಿಲ್ಲದೆ ಅನ್ನ ತೆಗೆದುಕೊಳ್ಳಬೇಕಾದರೆ ಅದು ಬೇಲಿಯಾಚೆಗೆ ಕೇಳಬೇಕಿತ್ತು.