ಡ್ರೈವಿಂಗ್ ಮೇಷ್ಟ್ರು ಕಪ್ಪು ಸಮುದ್ರಕ್ಕೆ ಹೊರಟದ್ದು

ಕೊಳ್ಳೇಗಾಲದಲ್ಲಿ ಗುರುಸಿದ್ದಯ್ಯ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರೈವಿಂಗ್ ಮೇಷ್ಟ್ರು ಎನ್ನಬೇಕು. ಮೂವತ್ತು ವರ್ಷಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಹನೂರಿನಿಂದ ಯಳಂದೂರಿನವರೆಗೆ ಕಾರು ಓಡಿಸುವವರಲ್ಲಿ ಅರ್ಧದಷ್ಟು ಜನ ನನ್ನಿಂದ ಬೈಸಿಕೊಂಡವರೇ. ಹೀಗೆ ಹೇಳಿಕೊಳ್ಳುವಾಗ ಒಂದು ಸಂಗತಿಯನ್ನು ಮಾತ್ರ ನುಂಗಿಬಿಡುತ್ತೇನೆ. ಈ ಮೂವತ್ತು ವರ್ಷಗಳಲ್ಲಿ ನಾನು ಸ್ಟೇರಿಂಗ್ ಹಿಡಿದದ್ದು ಬಹಳ ಕಡಿಮೆ. ಕಲಿಸುವವನ ಜಾಗ ಎಡಗಡೆ ಸೀಟು. ಕಾಲಡಿ ನನ್ನದೇ ಒಂದು ಬ್ರೇಕು, ಒಂದು ಕ್ಲಚ್ಚು. ಓಡಿಸುವವರು ಓಡಿಸುತ್ತಾರೆ, ನಾನು ಕೂಗುತ್ತೇನೆ.

ನನ್ನ ಹೆಂಡತಿ ಶಿವಮ್ಮ ಯಳಂದೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಇಪ್ಪತ್ತಾರು ವರ್ಷಗಳಿಂದ ಬಸ್ಸಿನಲ್ಲೇ ಹೋಗಿ ಬರುತ್ತಾಳೆ. ಡ್ರೈವಿಂಗ್ ಸ್ಕೂಲಿನವನ ಹೆಂಡತಿ ಬಸ್ಸಿಗೆ ಕಾಯುವುದೇಕೆ ಎಂದು ಯಾರಾದರೂ ಕೇಳಿದರೆ, "ಅವಳ್ಗೆ ಕಾರು ಒಗ್ಗಲ್ಲ ಕಣ್ರಿ" ಎನ್ನುತ್ತಿದ್ದೆ. ನಡೆದದ್ದು ಬೇರೆ. ಅವಳಿಗೆ ಯಳಂದೂರಿಗೆ ವರ್ಗವಾದ ಹೊಸತರಲ್ಲಿ ನಾನೇ ಕಲಿಸಲು ಹೋಗಿದ್ದೆ. ಮಾಂಬಳ್ಳಿ ಹತ್ತಿರ ಎದುರಿಗೆ ಎತ್ತಿನ ಗಾಡಿ ಬಂತು, ಅವಳು ಕಾರು ನಿಲ್ಲಿಸಿದಳು. ನಿಲ್ಲಿಸಿದ್ದು ಸರಿಯಾಗಿಯೇ ಇತ್ತು. ಆದರೆ ನಾನು ಗಾಡಿಯವನೂ ಬೆಚ್ಚುವಂತೆ ಕಿರುಚಿದೆ. ಅವಳು ಇಳಿದು, ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋದಳು. ಆಮೇಲೆ ಆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳಿಗೆ ಮರೆತುಹೋಗಿದೆ ಎಂದುಕೊಂಡಿದ್ದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವಳು ಅವರೆಕಾಯಿ ಸುಲಿಯುತ್ತಾ ಹೇಳಿದಳು: "ರಿಟೈರ್ ಆಗಕ್ಕೆ ಇನ್ನೆರಡು ವರ್ಸ ಐತೆ. ಅಷ್ಟರಲ್ಲಿ ಒಂದ್ಸಲ ಕಪ್ಪು ಸಮುದ್ರ ನೋಡ್ಬೇಕು ಕಣ್ರಿ. ಬೋರ್ಡ್ ಮೇಲೆ ಎಷ್ಟು ಸಲ ಬರ್ದಿದ್ದೀನೋ. ಆಕಾರ ಕಣ್ಮುಚ್ಕಂಡು ಬರೀತೀನಿ. ನೀರು ಮಾತ್ರ ನೋಡಿಲ್ಲ."

ಆ ಸಮುದ್ರದ ದಂಡೆಯಲ್ಲಿರುವ ಜಾರ್ಜಿಯಾ ದೇಶಕ್ಕೆ ಟೂರ್ ಕಂಪನಿಯವರು ಗುಂಪಿನಲ್ಲಿ ಕರೆದುಕೊಂಡು ಹೋಗುತ್ತಾರಂತೆ, ಅವಳು ಆಗಲೇ ವಿಚಾರಿಸಿದ್ದಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಎದೆಯುಬ್ಬಿಸಿ, "ಕುರಿ ತುಂಬ್ದಂಗೆ ಬಸ್ಸಲ್ಲಿ ಯಾಕೆ ಓಗ್ಬೇಕು? ಬೇಸಿಗೆ ರಜಾದಾಗೆ ಅಲ್ಲೇ ಕಾರ್ ತಕಂಡು ನಾನೇ ಓಡುಸ್ತೀನಿ. ನಾಕು ಊರು, ಒಂಬತ್ತು ದಿನ" ಎಂದುಬಿಟ್ಟೆ. ಅವಳು ಅವರೆಕಾಯಿಯಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ಮೆಚ್ಚಿ ನೋಡಿದಳು ಎಂದು ತಿಳಿದುಕೊಂಡೆ.

ಮರುದಿನವೇ ಸ್ಕೂಲಿನ ಗೋಡೆಯ ಮೇಲಿದ್ದ ರಸ್ತೆ ಚಿಹ್ನೆಗಳ ಚಾರ್ಟ್ ತೆಗೆದು, ಆ ಜಾಗಕ್ಕೆ ಜಾರ್ಜಿಯಾದ ನಕ್ಷೆ ಅಂಟಿಸಿದೆ. ತಿಬಿಲಿಸಿಯಿಂದ ಗೋರಿ, ಗೋರಿಯಿಂದ ಕುತೈಸಿ, ಅಲ್ಲಿಂದ ಸಮುದ್ರದ ದಂಡೆಯ ಬಾತುಮಿ. ಕೆಂಪು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆ. ಕ್ಲಚ್ ಬಿಡುವುದನ್ನು ಕಲಿಯಲು ಬಂದವರಿಗೆಲ್ಲ ಮೊದಲು ಜಾರ್ಜಿಯಾ ಪಾಠ. "ತಿಬಿಲಿಸಿಯಿಂದ ಗೋರಿಗೆ ಇಲ್ಲಿಂದ ಮಾದಪ್ಪನ ಬೆಟ್ಟಕ್ಕೆ ಓದಷ್ಟು. ಕುತೈಸಿಯಿಂದ ಬಾತುಮಿಗೆ ನಮ್ಮ ಬೆಂಗಳೂರಷ್ಟು ದೂರ, ಅಷ್ಟೇಯ" ಎಂದು ದಿನಾ ಹೋಗಿಬರುವವನಂತೆ ಹೇಳುತ್ತಿದ್ದೆ. ಸಂಕ್ರಾಂತಿ ಹೊತ್ತಿಗೆ ಮೇಷ್ಟ್ರು ವಿದೇಶದಲ್ಲಿ ಕಾರು ಓಡಿಸುತ್ತಾರಂತೆ ಎಂಬ ಸುದ್ದಿ ಬಂಡಳ್ಳಿಯವರೆಗೂ ಮುಟ್ಟಿತ್ತು.

ಒಂದು ತೊಡಕಿತ್ತು. ಆ ದೇಶದಲ್ಲಿ ವಾಹನಗಳೆಲ್ಲ ರಸ್ತೆಯ ಬಲಗಡೆ ಹೋಗುತ್ತವೆ, ಸ್ಟೇರಿಂಗ್ ಎಡಗಡೆ ಇರುತ್ತದೆ. ನನಗದು ತೊಡಕೆಂದು ಅನ್ನಿಸಲೇ ಇಲ್ಲ. ಮೂವತ್ತು ವರ್ಷ ಎಡಗಡೆ ಸೀಟಿನಲ್ಲೇ ಕೂತವನಿಗೆ ಹೊಸದಾಗಿ ಕಲಿಯುವುದೇನಿದೆ? ಆದರೂ ಬಲಗಡೆ ಹೋಗುವುದನ್ನು ಒಂದಿಷ್ಟು ರೂಢಿ ಮಾಡಿಕೊಳ್ಳೋಣ ಎಂದು ಶಾಗ್ಯದಲ್ಲಿರುವ ಶಿವಮ್ಮನ ತಮ್ಮ ನಟರಾಜುವಿನ ಹೊಲಕ್ಕೆ ಹೋದೆ. ಕಟಾವಾಗಿ ಖಾಲಿ ಬಿದ್ದಿದ್ದ ಹೊಲದಲ್ಲಿ ಸುಣ್ಣದ ಪುಡಿಯಿಂದ ರಸ್ತೆ ಎಳೆದೆ, ನಡುವೆ ನೀಲಿ ಡ್ರಮ್ಮು ಇಟ್ಟು ಸರ್ಕಲ್ ಮಾಡಿದೆ. ದಿನಾ ಬೆಳಿಗ್ಗೆ ಹೋಗಿ ಬಲಗಡೆಯಿಂದಲೇ ಸುತ್ತು ಹೊಡೆಯತೊಡಗಿದೆ. ಮೊದಲ ವಾರ ಡ್ರಮ್ಮಿಗೆ ನಾಲ್ಕು ಸಲ ಗುದ್ದಿದೆ.

ನಟರಾಜು ಬದುವಿನ ಮೇಲೆ ಕೂತು ನೋಡುತ್ತಿದ್ದ. "ಭಾವ, ಇನ್ನೊಂದೆಲ್ಡು ದಿನ ಇಂಗೇ ಓಡ್ಸು. ಟ್ರ್ಯಾಕ್ಟರ್ ಕರ್ಸೋದು ತಪ್ತದೆ, ನಂಗೆ ಉಳುಮೆ ಆಗೋಯ್ತದೆ" ಎಂದ.

ನಾನು ಹಟ ಬಿಡಲಿಲ್ಲ. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ ಕೈಕಾಲು ತಾವಾಗಿ ಬಲಗಡೆಗೆ ಹೊರಳುವಷ್ಟು ಪಳಗಿಬಿಟ್ಟವು. ಆ ಪಳಗಿದ್ದೇ ನನಗೆ ಮುಳುವಾಯಿತು.

ಮಾರ್ಚ್ ಕೊನೆಯಲ್ಲಿ, ಟಿಕೆಟ್ ಎಲ್ಲ ಆದ ಮೇಲೆ, ಹೊರದೇಶದಲ್ಲಿ ಓಡಿಸಲು ಬೇಕಾದ ಪರ್ಮಿಟ್ಟಿಗಾಗಿ ಶಿವಮ್ಮ ಕಾಗದಪತ್ರ ಜೋಡಿಸುತ್ತಿದ್ದಳು. ನನ್ನ ಲೈಸೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಇಳಿಸಿ, ಮತ್ತೆ ನೋಡಿದಳು.

"ಇದೇನ್ರಿ ಇದು? ಇದ್ರ ಅವಧಿ ಮುಗ್ದು ಹದ್ನಾಕು ತಿಂಗ್ಳಾಗಿದೆ."

ನಾನು ನಕ್ಕೆ. ಅವಳು ನಗಲಿಲ್ಲ. ಕಿತ್ತುಕೊಂಡು ನೋಡಿದೆ, ನಿಜ. ಪ್ರತಿ ಬ್ಯಾಚಿಗೂ ಮೊದಲ ದಿನವೇ "ಲೈಸೆನ್ಸ್ ತಾರೀಕು ನೋಡ್ಕಳಿ, ಮರೀಬ್ಯಾಡಿ" ಎಂದು ಮೇಜು ಕುಟ್ಟಿ ಹೇಳುವವನು ನಾನು. ನನ್ನದನ್ನು ನೋಡಿರಲೇ ಇಲ್ಲ. ನನ್ನನ್ನು ತಡೆದು ಲೈಸೆನ್ಸ್ ಕೇಳುವವರು ಈ ಸೀಮೆಯಲ್ಲಿ ಯಾರಿದ್ದಾರೆ ಎಂಬ ಕೊಬ್ಬು. ಅವಧಿ ಮುಗಿದು ವರ್ಷ ದಾಟಿದ್ದರಿಂದ ಬರೀ ಅರ್ಜಿ ಹಾಕಿದರೆ ಆಗುವುದಿಲ್ಲ, ಹೊಸಬರ ಹಾಗೆ ಮತ್ತೆ ಓಡಿಸಿ ತೋರಿಸಬೇಕು.

ಏಪ್ರಿಲ್ ಎರಡನೇ ವಾರ ಚಾಮರಾಜನಗರದಲ್ಲಿ ಟೆಸ್ಟು. ಕಾರು ಓಡಿಸಿಕೊಂಡು ಹೋದವಳು ರಾಣಿ. ಹೆಂಗಸರಿಗೆ ಕಲಿಸಲೆಂದು ಆರು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿಸಿಕೊಂಡ ಹನೂರಿನ ಹುಡುಗಿ. ಸರದಿಯಲ್ಲಿ ನನ್ನ ಮುಂದೆ ನನ್ನ ಶಿಷ್ಯರೇ ಮೂವರು, ಹಿಂದೆ ಇಬ್ಬರು. "ಮೇಷ್ಟ್ರೇ, ನೀವೇನ್ ಇಲ್ಲಿ?" ಎಂದು ಕೇಳಿದವನಿಗೆ, "ವ್ಯವಸ್ಥೆ ಎಂಗಿದೆ ಅಂತ ನೋಡಕ್ಕೆ ಬಂದೆ" ಎಂದೆ. ಅಷ್ಟರಲ್ಲಿ ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿದರು.

ಇನ್‌ಸ್ಪೆಕ್ಟರು ಸಭ್ಯ ಮನುಷ್ಯ. ಪಕ್ಕದಲ್ಲಿ ಕೂತು, "ಒಂದು ಸುತ್ತು ಹೋಗಿ ಬನ್ನಿ ಸಾಕು, ನಿಮಗೆ ಹೇಳೋದೇನಿದೆ" ಎಂದರು. ನಾನು ಗತ್ತಿನಿಂದ ಗೇರ್ ಹಾಕಿ ಹೊರಟೆ. ಮೊದಲ ತಿರುವಿನಲ್ಲೇ ಕಾರನ್ನು ಸಲೀಸಾಗಿ, ಒಂದಿಷ್ಟೂ ಅನುಮಾನವಿಲ್ಲದೆ, ರಸ್ತೆಯ ಬಲಕ್ಕೆ ತಂದು, ಹಾಗೇ ಮುಂದೆ ಸಾಗಿದೆ. ತನ್ನ ಸುತ್ತು ಮುಗಿಸಿ ಎದುರಿನಿಂದ ಬರುತ್ತಿದ್ದ ನನ್ನ ಶಿಷ್ಯನೊಬ್ಬ, ಪಾಪ, ಸರಿಯಾದ ಬದಿಯಲ್ಲೇ ಬರುತ್ತಿದ್ದ. ಅವನು ಬ್ರೇಕ್ ಹಾಕಿದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನಿಗೇ ಬೈದೆ.

ಇನ್‌ಸ್ಪೆಕ್ಟರು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ನೀವು ಯಾವ ದೇಶದಲ್ಲಿ ಓಡಿಸ್ತಾ ಇದ್ದೀರಿ?"

ನಪಾಸು. ಮತ್ತೆ ಟೆಸ್ಟಿಗೆ ಸಿಕ್ಕ ದಿನಾಂಕ ನಮ್ಮ ವಿಮಾನ ಹೊರಟ ಮೇಲಿನದು. ಶಿಷ್ಯರು ಐದಕ್ಕೆ ಐದೂ ಜನ ಪಾಸಾಗಿದ್ದರು. ವಾಪಸ್ಸು ಬರುವಾಗ ರಾಣಿ ದಾರಿಯುದ್ದಕ್ಕೂ ರಸ್ತೆಯನ್ನೇ ನೋಡುತ್ತಿದ್ದಳು. ನಗು ತಡೆಯಲು ಅಷ್ಟು ಕಷ್ಟಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಮನೆಗೆ ಬಂದು ಸೋಫಾದಲ್ಲಿ ಕುಸಿದು, "ಟಿಕೆಟ್ ವಾಪಸ್ ಮಾಡ್ಬುಡಣ" ಎಂದೆ. ಶಿವಮ್ಮ ನನಗೆ ನೀರು ಕೊಟ್ಟು, ಬೀರು ತೆಗೆದು, ಸೀರೆಗಳ ಕೆಳಗಿನಿಂದ ಒಂದು ಕಾರ್ಡ್ ತಂದು ಮುಂದಿಟ್ಟಳು. ಲೈಸೆನ್ಸು. ಫೋಟೊದಲ್ಲಿ ಅವಳೇ.

"ಯಾವಾಗ ಮಾಡ್ಸಿದ್ದು?"

"ನಾಕು ವರ್ಸ ಆಯ್ತು."

"ಯಾರು ಕಲ್ಸಿದ್ದು?"

"ನಿಮ್ಮ ಸ್ಕೂಲೇ. ರಾಣಿ ಯಳಂದೂರು ಬ್ಯಾಚಿಗೆ ಬರ್ತಿದ್ಲಲ್ಲ, ಸ್ಕೂಲ್ ಬುಟ್ಟ ಮೇಲೆ ದಿನಾ ಅರ್ಧ ಗಂಟೆ."

"ನನ್ನ ಸ್ಕೂಲಲ್ಲಿ, ನಂಗೊತ್ತಿಲ್ದೆ?"

"ಸರ್ಟಿಫಿಕೇಟಿಗೆ ಸೈನ್ ಹಾಕಿದ್ದು ನೀವೇ ಕಣ್ರಿ. ಕಟ್ಟು ತಂದಿಟ್ರೆ ನೀವು ಯಾವತ್ತು ಹೆಸ್ರು ಓದಿದ್ದೀರಿ?"

ನಾನು ಎದ್ದು ನಿಂತು, "ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಜೋರು ಮಾಡಿದೆ.

ಅವಳು ಜೋರು ಮಾಡಲಿಲ್ಲ. "ಆವತ್ತು ಮಾಂಬಳ್ಳಿಯಲ್ಲಿ ಬಸ್ ಹತ್ತಿದ್ನಲ್ಲ, ಒಳಗೆ ನನ್ ಕ್ಲಾಸಿನ ಮಕ್ಕಳಿದ್ರು. ಯಳಂದೂರು ಬರೋವರ್ಗೂ ಅಳು ತಡ್ಕಂಡು ನಿಂತಿದ್ದೆ. ಇನ್ನೊಂದ್ಸಲ ನಿಮ್ಮತ್ರ ಕಲಿಯಾದಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದೆ" ಎಂದಳು. ಹೇಳಿ, ಅಡುಗೆಮನೆಗೆ ಹೋದಳು.

ನನಗೆ ಸಿಟ್ಟು ಬರಬೇಕಿತ್ತು. ಬರಿಸಿಕೊಳ್ಳಲು ನೋಡಿದೆ. ಚಪ್ಪಲಿ ಮೆಟ್ಟಿ, ಬಸ್ಸು ಹತ್ತಿ ಶಾಗ್ಯಕ್ಕೆ ಹೋಗಿ ನಟರಾಜುವಿನ ಜಗಲಿಯ ಮೇಲೆ ಕೂತು ದೂರು ಹೇಳಿದೆ. ಅವನು ಕೇಳುವಷ್ಟು ಕೇಳಿ, "ಭಾವ, ಅಕ್ಕ ವರ್ಸಕ್ಕೆ ಮೂರು ಸಲ ನನ್ ಕಾರ್ ತಕಂಡು ಬಿಳಿಗಿರಿ ಬೆಟ್ಟಕ್ಕೆ ಓಯ್ತಾಳೆ. ಆ ತಿರುವ್ನಾಗೆ ನಾನೇ ಕಣ್ಮುಚ್ಕತೀನಿ, ಅವಳು ಮುಚ್ಚಲ್ಲ" ಎಂದ. ಅಂದರೆ ಇವನಿಗೂ ಗೊತ್ತು. ಆಮೇಲೆ ವಿಚಾರಿಸಿದರೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರಿಗೂ ಗೊತ್ತಿತ್ತು. ಇಪ್ಪತ್ತಾರು ವರ್ಷದ ಬಸ್ಸಿನ ಓಡಾಟವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂಬುದು ಆ ಜಗಲಿಯ ಮೇಲೆ ಹೊಳೆಯಿತು. ಹೊಳೆದ ಮೇಲೆ ಅಲ್ಲಿ ಕೂರುವುದು ಕಷ್ಟವಾಯಿತು. ಮನೆಗೆ ಹೋಗಿ, "ಪರ್ಮಿಟ್ಟು ನಿನ್ ಹೆಸ್ರಲ್ಲೇ ಮಾಡ್ಸು" ಎಂದೆ. ಕ್ಷಮಿಸು ಎಂದೂ ಹೇಳಿದೆ, ಆದರೆ ಆಗ ಮಿಕ್ಸಿ ಓಡುತ್ತಿತ್ತು. ಅವಳು ಮಿಕ್ಸಿ ನಿಲ್ಲಿಸಿ, "ಏನಂದ್ರಿ?" ಎಂದು ಕೇಳಿ ಇನ್ನೊಮ್ಮೆ ಹೇಳಿಸಿದಳು.

ಮೇ ತಿಂಗಳಲ್ಲಿ ಹೊರಟೆವು. ತಿಬಿಲಿಸಿಯಲ್ಲಿ ಕಾರು ಕೈಗೆ ಬಂದಾಗ, ಅಭ್ಯಾಸಬಲದಿಂದ ಎಡಗಡೆ ಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟೇರಿಂಗ್ ಇತ್ತು. ಬಾಡಿಗೆ ಕಾರಿನ ಹುಡುಗಿ ನಗುತ್ತಾ ನನಗೇ ಬೀಗದ ಕೈ ಕೊಟ್ಟಳು. ಶಿವಮ್ಮ ಕಿಟಕಿಯ ಹೊರಗಿನಿಂದ ಕೈ ಚಾಚಿದಳು. ಕೊಟ್ಟು, ಸುತ್ತಿಬಂದು ಆಚೆ ಕೂತೆ.

ಊರ ಹೊರಗಿನ ದೊಡ್ಡ ಸರ್ಕಲ್ಲಿನಲ್ಲಿ ನಾಲ್ಕು ಸಾಲು ವಾಹನಗಳ ನಡುವೆ ಅವಳಿಗೆ ಹೊರಬೀಳುವ ದಾರಿ ತಪ್ಪಿತು. ಒಂದು ಸುತ್ತಾಯಿತು, ಎರಡಾಯಿತು. ಹಿಂದಿನಿಂದ ಹಾರ್ನು. ಅವಳು ಮುಂದಕ್ಕೆ ಬಾಗಿ ಗೋರಿಯ ಬೋರ್ಡು ಹುಡುಕುತ್ತಿದ್ದಳು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ನೆಲವನ್ನು ತುಳಿಯುತ್ತಿತ್ತು, ಬಾಯಿಗೆ ಮೂವತ್ತು ವರ್ಷದ ಬೈಗುಳವೆಲ್ಲ ಬಂದು ನಿಂತಿತ್ತು. ಹೇಗೋ ಏನೋ, "ಇನ್ನೊಂದ್ ಸುತ್ತು ಓಗ್ಲಿ ಶಿವಮ್ಮ, ಪೆಟ್ರೋಲ್ ಐತೆ, ಅವಸರ ಇಲ್ಲ" ಎಂದೆ. ಅವಳು ಮೂರನೇ ಸುತ್ತು ಹೊಡೆದು, ಇಂಡಿಕೇಟರ್ ಹಾಕಿ, ಗೋರಿಯ ರಸ್ತೆಗೆ ಇಳಿದಳು. ಸ್ವಲ್ಪ ದೂರ ಹೋದ ಮೇಲೆ, "ಈಗ ಮಾತಾಡಿದ್ದು ನೀವೇನಾ?" ಎಂದಳು.

ಕುತೈಸಿ ದಾರಿಯಲ್ಲಿ ರಸ್ತೆ ಬದಿಯ ಮುದುಕಿಯೊಬ್ಬಳು ಬಿಸಿಬಿಸಿ ಸಿಹಿ ರೊಟ್ಟಿ ಮಾರುತ್ತಿದ್ದಳು. ಓಡಿಸುತ್ತಿರುವವಳು ಶಿವಮ್ಮ ಎಂದು ತಿಳಿದು, ಅವಳ ಬೆನ್ನು ತಟ್ಟಿ ಒಂದು ರೊಟ್ಟಿ ಹೆಚ್ಚಿಗೆ ಕೊಟ್ಟಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಏನೋ ಅಂದಳು. ಭಾಷೆ ಬಾರದಿದ್ದುದು ಒಳ್ಳೆಯದೇ ಆಯಿತು. ಬಾತುಮಿಯಲ್ಲಿ ಶಿವಮ್ಮ ಸೀರೆ ಮೊಣಕಾಲಿಗೆ ಎತ್ತಿಕೊಂಡು ನೀರಲ್ಲಿ ನಿಂತು, "ಕಪ್ಪಗಿಲ್ವಲ್ರೀ! ಮಕ್ಕಳಿಗೆ ಹೇಳ್ಬೇಕು" ಎಂದಳು. ಒಂಬತ್ತು ದಿನದಲ್ಲಿ ಕಾರಿಗೆ ಒಂದು ಗೀರೂ ಬೀಳಲಿಲ್ಲ. ಗೀರು ಬಿದ್ದದ್ದು ಕಾಲಡಿಯ ರಬ್ಬರ್ ಮ್ಯಾಟಿಗೆ, ನನ್ನ ಚಪ್ಪಲಿಯಿಂದ.

ಜೂನಿನಲ್ಲಿ ಟೆಸ್ಟ್ ಪಾಸಾದೆ. ಆ ತಿಂಗಳ ಹೊಸ ಬ್ಯಾಚಿಗೆ ಬಂಡಳ್ಳಿಯಿಂದ ಮಹಾದೇವಮ್ಮ ಎನ್ನುವವರು ಬಂದರು. ಐವತ್ತರ ಹತ್ತಿರದವರು, ತಮ್ಮ ತರಕಾರಿಯನ್ನು ತಾವೇ ಗೂಡ್ಸ್ ಗಾಡಿಯಲ್ಲಿ ತರಬೇಕೆಂಬ ಆಸೆ. "ನಮ್ಮಂತೋರ್ಗೆ ಬಂದದಾ ಸಾ?" ಎಂದು ಕೇಳಿದರು.

"ಬರ್ದೆ ಏನು? ಬೈಸ್ಕಂಡು ಕಲೀಬೇಕು ಅಂದ್ರೆ ನಾನಿದ್ದೀನಿ, ಬೈಗುಳ ಇಲ್ದೆ ಕಲೀಬೇಕು ಅಂದ್ರೆ ರಾಣಿ ಅವಳೆ. ಯಾರತ್ರ ಸೇರ್ಕತೀರಿ?"

ಮಹಾದೇವಮ್ಮ ನನ್ನ ಮಾತು ಪೂರ್ತಿಯಾಗುವ ಮುಂಚೆಯೇ ರಾಣಿಯ ಕಾರಿನ ಬಾಗಿಲು ತೆಗೆದಿದ್ದರು.