ಬೋರಲು ಬಿಟ್ಟ ಎಲೆ

ಪೋಕರ್ ಬಗ್ಗೆ ಬ್ಲಾಗ್ ಬರೆಯುವವನು ನಾನು. ಇವತ್ತು ಮಸ್ಕಿಯಲ್ಲಿ ಕೊಂಡ ಹೊಸ ಇಸ್ಪೀಟ್ ಎಲೆಗಳಿಗೆ ಅಪ್ಪನ ಹಾಗೆಯೇ, ಜಾರಲೆಂದು ಪೌಡರ್ ಸವರಿದೆ. ಆ ವಾಸನೆಗೆ ಹಟ್ಟಿ ಚಿನ್ನದ ಗಣಿಯ ಕ್ವಾರ್ಟರ್ಸಿನ ಕಟ್ಟೆ ನೆನಪಾಯಿತು. ಶಿಫ್ಟ್ ಮುಗಿಸಿ ಬಂದ ಅಪ್ಪ ಗೆಳೆಯರೊಂದಿಗೆ ಅಲ್ಲಿ ರಮ್ಮಿ ಆಡುತ್ತಿದ್ದ. ಅವರಲ್ಲೊಬ್ಬನಾದ ಸಿದ್ದಪ್ಪ ಕಾಕಾ ತೀರಿಕೊಂಡ ಮೇಲೂ ಅಪ್ಪ ಅವನ ಪಾಲಿನ ಎಲೆ ಹಾಕಿ, ಬೋರಲಾಗಿಯೇ ಬಿಡುತ್ತಿದ್ದ.

“ಸತ್ತಾಂವ ಬಂದು ಆಡ್ತಾನೇನ್ರಿ?” ಎಂದಳು ಅವ್ವ.

“ಆಡೂದಿಲ್ಲ ಬಿಡು. ಆದ್ರ ಅವನ್ನ ಬಿಟ್ಟು ಹಂಚಾಕ ಕೈ ಬರವಲ್ದು.”

ನನ್ನ ಹೆಂಡತಿ ತೀರಿಕೊಳ್ಳುವ ತನಕ ದಿನಾ ಸಂಜೆ ನನ್ನೊಡನೆ ಪೋಕರ್ ಆಡಿದಳು. ಕೈಗೆ ರಾಜನ ಎಲೆ ಬಂದರೆ ನಕ್ಕುಬಿಡುವಳು. ಕೈಲಿರುವ ಎಲೆಯ ಗುಟ್ಟು ಬಿಡದೆ ಎದುರಾಳಿಯನ್ನು ಯಾಮಾರಿಸುವ ಬ್ಲಫ್ ಅವಳಿಗೆ ಬರಲೇ ಇಲ್ಲ. ಈಗಲೂ ಇಬ್ಬರಿಗೂ ಎರಡೆರಡು ಎಲೆ ಹಾಕಿದ್ದೇನೆ. ಕಾಲೇಜಿನ ಪ್ರಾಬಬಿಲಿಟಿ ಅರೆಬರೆ ನೆನಪಿದೆ; ಅವಳಿಗೆ ರಾಜ ಬಂದಿರುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಬಲ್ಲೆ. ಆದರೂ ಅವಳ ಎಲೆ ತಿರುವಿ ನೋಡಲಾರೆ. ರಾಜ ಬಂದಿದ್ದರೆ, ನಗುವವರು ಯಾರು?