ಲಾರಿ ಪೈಲ್ವಾನನ ಬಲಗೈ

ಕೊರಿಯರಿನವರು ಡಬ್ಬಿ ಕೈಗಿಟ್ಟು, "ಮೊಮ್ಮಕ್ಕಳಿಗೇನ್ರಿ ಮೇಡಂ?" ಎಂದು ಕೇಳಿದಾಗಲೆಲ್ಲ ನಾನು "ಹಾಂರಿ" ಎಂದು ಸುಳ್ಳು ಹೇಳುತ್ತೇನೆ. ನನಗೆ ಮೊಮ್ಮಕ್ಕಳಿಲ್ಲ. ಮಗಳ ಮದುವೆಯೇ ಇನ್ನೂ ಆಗಿಲ್ಲ. ಆದರೆ ಔರಾದಿನ ಸಾಲೆಯಲ್ಲಿ ವಿಜ್ಞಾನ ಕಲಿಸುವ, ಐವತ್ತು ದಾಟಿದ ಹೆಂಗಸೊಬ್ಬಳು ತನಗಾಗಿಯೇ ಪ್ಲಾಸ್ಟಿಕ್ ರೋಬೋಟು ತರಿಸಿಕೊಳ್ಳುತ್ತಾಳೆ ಎಂಬ ಸತ್ಯವನ್ನು ಬಾಗಿಲಲ್ಲಿ ನಿಂತು ವಿವರಿಸುವುದು ಹೇಗೆ?

ಇವು ಮಾಮೂಲಿ ಗೊಂಬೆಗಳಲ್ಲ. ಕೈಯಲ್ಲಿ ಒಂದು ಲಾರಿ ಇರುತ್ತದೆ. ಮೂತಿ ಮಡಚಿ, ಗಾಲಿ ತಿರುಗಿಸಿ, ಬಾಗಿಲು ಎಳೆದರೆ ಅದೇ ಎದ್ದು ಎರಡು ಕಾಲಿನ ಮೇಲೆ ನಿಲ್ಲುತ್ತದೆ. ನಮ್ಮ ಕಡೆ ಹಗಲುವೇಷದವರು ಒಂದು ದಿನ ಪೊಲೀಸಪ್ಪನಾಗಿ ಬಂದು ಮರುದಿನ ಹನುಮಂತನಾಗಿ ಬರುತ್ತಿದ್ದರಲ್ಲ, ಅದೇ ವಿದ್ಯೆ. ಅವರು ಕೊನೆಯ ದಿನ ಮನೆಮನೆಗೆ ಬಂದು ಜೋಳ ಕೇಳುತ್ತಿದ್ದರು, ಇವು ಏನನ್ನೂ ಕೇಳುವುದಿಲ್ಲ. ನಾವು ಚಿಕ್ಕವರಿದ್ದಾಗ ಬಂದ ಈ ಆಟಿಗೆಗಳನ್ನು ಕಂಪನಿಗಳು ಈಗ ಅದೇ ಹಳೆಯ ಅಚ್ಚಿನಲ್ಲಿ, ಅದೇ ಬಣ್ಣದಲ್ಲಿ ಮತ್ತೆ ಬಿಡುತ್ತಿವೆ. ಬೀದರಿನ ನಮ್ಮ ಮನೆಯ ಕಪಾಟಿನಲ್ಲಿ, ಬುದ್ಧನ ಮೂರ್ತಿಯ ಕೆಳಗಿನ ಸಾಲಿನಲ್ಲಿ ಅಂಥ ಹನ್ನೊಂದು ನಿಂತಿವೆ. "ಮ್ಯಾಲ ಶಾಂತಿ, ಕೆಳಗ ಯುದ್ಧ" ಎನ್ನುತ್ತಾರೆ ನನ್ನ ಗಂಡ.

ಆದರೆ ನಾನು ನಿಜವಾಗಿ ಕಾಯುತ್ತಿದ್ದುದು ಹನ್ನೆರಡನೆಯದಕ್ಕೆ. ಅದೊಂದು ಕೆಂಪು ಲಾರಿ. ಅದು ನನ್ನದಾಗಿರಲಿಲ್ಲ, ಶಹನಾಜಳದು.

ನಮ್ಮೂರು ಭಾತಂಬ್ರಾದಲ್ಲಿ ಶಹನಾಜ್ ಮತ್ತು ನಾನು ಐದನೆಯ ತರಗತಿಯಲ್ಲಿ ಒಂದೇ ಬೆಂಚಿನವರು. ಅವಳ ಅಬ್ಬಾ ಊರಿನ ದರ್ಜಿ. ಸತತ ಎರಡು ವರ್ಷ ಮಳೆ ಕೈಕೊಟ್ಟಿತು. ಹೊಲ ಒಣಗಿದರೆ ಹೊಲಿಗೆಯೂ ಒಣಗುತ್ತದೆ. ಹೊಸ ಅಂಗಿ ಹೊಲಿಸುವವರೇ ಇಲ್ಲದೆ ಅವರೊಬ್ಬರೇ ಮುಂಬೈಗೆ ಹೋದರು. ನಮ್ಮ ಓಣಿಯ ಅರ್ಧ ಬಾಗಿಲುಗಳಿಗೆ ಬೀಗ ಬಿದ್ದಿದ್ದ ಆ ಬೇಸಿಗೆಯಲ್ಲಿ, ಊರಿಗೆ ಬರುವ ಯಾರದೋ ಕೈಯಲ್ಲಿ ಅವರು ಮಗಳಿಗೆ ಕೆಂಪು ಲಾರಿ ಕಳಿಸಿದರು. ಅದು ರೋಬೋಟಾಗಿ ಎದ್ದು ನಿಂತಾಗ ನಾವಿಬ್ಬರೂ ಕಿರುಚಿದ ಕಿರುಚಾಟಕ್ಕೆ, ಹಾವು ಬಂತೆಂದು ಅವಳಮ್ಮ ಕೋಲು ಹಿಡಿದು ಓಡಿಬಂದಿದ್ದರು. ಅದಕ್ಕೆ ನಾವಿಟ್ಟ ಹೆಸರು ಲಾರಿ ಪೈಲ್ವಾನ.

ಒಂದು ಶನಿವಾರ ಶಹನಾಜ್ ತಾನಾಗಿಯೇ, "ಒಯ್ಯಿ, ಒಂದ ದಿನ ನಿನ್ನ ಬಲ್ಲಿ ಇರ್ಲಿ" ಎಂದು ಕೊಟ್ಟಳು. ಲಂಗದಲ್ಲಿ ಸುತ್ತಿಕೊಂಡು ಮನೆಗೆ ಓಡಿದೆ. ಮೊದಲ ಸಲ ತಿರುಗಿಸುವಾಗಲೇ ಪೈಲ್ವಾನನ ಬಲಗೈ ಕಳಚಿ ನನ್ನ ಅಂಗೈಗೆ ಬಂತು. ಜಾಲಿಮರದ ಅಂಟು ಕಿತ್ತು ತಂದು ಹಚ್ಚಿದೆ. ಲಾರಿಯಾಗಿದ್ದಾಗ ಕೈಗಳು ಒಳಗೆ ಅಡಗಿರುತ್ತವೆ. ಹಾಗಾಗಿ ಲಾರಿ ಮಾಡಿಯೇ ಮರಳಿಸಿದೆ, ಅವಳ ಮುಖ ನೋಡದೆ. ಅದೇ ವಾರ ಅಬ್ಬಾ ಬಂದು ಮನೆಯವರನ್ನೆಲ್ಲ ಕರೆದುಕೊಂಡು ಭಾಲ್ಕಿಯಲ್ಲಿ ರೈಲು ಹತ್ತಿದರು. ಮಾತು ನನ್ನೊಳಗೇ ಉಳಿಯಿತು. "ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕು" ಎಂದು ನಾನೂ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಹಾಗೆ ಹೇಳುವಾಗಲೆಲ್ಲ ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ.

ಈ ವರ್ಷ ಕೆಂಪು ಲಾರಿ ಮರಳಿ ಬಂತು! ಕತ್ತರಿ ಹುಡುಕುವ ತಾಳ್ಮೆಯಿಲ್ಲದೆ ಡಬ್ಬಿಯ ಟೇಪನ್ನು ಹಲ್ಲಿನಿಂದಲೇ ಹರಿದೆ. ಫೋಟೊ ತೆಗೆದು ಹಳೆಯ ಸಹಪಾಠಿಗಳ ಫೋನ್ ಗುಂಪಿಗೆ ಹಾಕಿದೆ. ಯಾರೋ ಶಹನಾಜಳನ್ನು ಅದಕ್ಕೆ ಸೇರಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಹಾಲು ಉಕ್ಕುವಷ್ಟರಲ್ಲಿ ಫೋನಿನಲ್ಲಿ ಅವಳ ದನಿಯ ಸಂದೇಶ ಬಂತು: "ಏ ಸುಮನ! ಇದು ನಮ್ಮ ಪೈಲ್ವಾನ ಅಲ್ಲೇನ? ಮುಂದಿನ ವಾರ ತಮ್ಮನ ಮಗಳ ಮದಿವಿಗಿ ಭಾಲ್ಕಿಗಿ ಬರ್ತೇನಿ. ಅವನ್ನ ಕರಕೊಂಡು ಬಾ!"

ಪೈಲ್ವಾನನನ್ನು ಚೀಲದಲ್ಲಿ ಕೂಡಿಸಿಕೊಂಡು ಬಸ್ಸು ಹತ್ತಿದೆ. ಮದುವೆ ಮನೆಯ ಗದ್ದಲದಲ್ಲಿ ಶಹನಾಜ್ ನನ್ನನ್ನು ತಬ್ಬಿಕೊಂಡಳು. ಕೂದಲು ಬೆಳ್ಳಗಾಗಿದ್ದರೂ ನಗು ಅದೇ. ಲಾರಿ ಕೈಗೆ ಕೊಡುವ ಮೊದಲೇ ಒಂದೇ ಉಸಿರಿಗೆ ಹೇಳಿಬಿಟ್ಟೆ: "ಅವತ್ತು ಅವನ ಕೈ ಮುರಿದಾಕಿ ನಾನೇ. ಅಂಟು ಹಚ್ಚಿ ಕೊಟ್ಟಿದ್ದೆ."

ಅವಳು ದುಪಟ್ಟಾ ಬಾಯಿಗೊತ್ತಿಕೊಂಡು ನಗತೊಡಗಿದಳು. "ಹುಚ್ಚಿ! ನಿನಗ ಕೊಡೂಕಿಂತ ಮೊದಲ ನಾನೇ ಮುರಿದಿದ್ದೆ. ನಾನೂ ಅಂಟು ಹಚ್ಚೇ ಕೊಟ್ಟಿದ್ದೆ. ನಿನ್ನ ಕೈಯಾಗ ಮುರಿದ್ರ ಅಬ್ಬಾನ ಮುಂದ ನಿನ್ನ ಹೆಸರು ಹೇಳಬೇಕಂತ ಮಾಡಿದ್ದೆ. ಆಮ್ಯಾಲ ಬಾಯೇ ಬರ್ಲಿಲ್ಲ. ಅಬ್ಬಾನೂ ಎಂದೂ ಕೇಳ್ಲಿಲ್ಲ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಶೇರ್ವಾನಿ ತೊಟ್ಟು ಕುಳಿತಿದ್ದ ಅಬ್ಬಾ, "ಏನದು ನಿಮ್ಮದು?" ಎಂದರು. ಎಂಬತ್ತು ದಾಟಿದ್ದರೂ ಅವರ ಕಿವಿ ಚುರುಕಾಗಿತ್ತು. ಇಬ್ಬರೂ ಮಕ್ಕಳಂತೆ ಎದುರು ನಿಂತು ಒಪ್ಪಿಕೊಂಡೆವು. ಅವರು ಕನ್ನಡಕ ತೆಗೆದು ಒರೆಸಿದರು.

"ಮುರಿದಾವ್ರು ನೀವಿಬ್ಬರೂ ಅಲ್ಲ. ಮುಂಬೈದಾಗ ಒಂದು ಮನಿಗಿ ಹೊಲಿದ ಬಟ್ಟಿ ಕೊಡಲಿಕ್ಕ ಹೋಗಿದ್ದೆ. ಕೈ ಮುರಿದದ ಅಂತ ಅವರು ಆ ಲಾರಿ ಕಸಕ್ಕ ಒಗಿಲಿಕ್ಕ ತೆಗೆದಿಟ್ಟಿದ್ರು. ಕೇಳಿ ಇಸ್ಕೊಂಡು, ಅಂಟು ಹಚ್ಚಿ ಕಳಿಸ್ದೆ. ಮುರಿದ ಆಟಿಗಿ ಕಳಿಸೀನಿ ಅಂತ ಮಗಳಿಗಿ ಹ್ಯಾಂಗ ಹೇಳ್ಲಿ?"

ಶಹನಾಜ್ ಅಬ್ಬಾನ ಮೊಣಕಾಲಿನ ಮೇಲೆ ಕೈಯಿಟ್ಟು ಕೆಳಗೇ ಕುಳಿತಳು. ಆಮೇಲೆ ಮೂವರಲ್ಲಿ ಯಾರು ಮೊದಲು ನಕ್ಕರೋ ತಿಳಿಯದು, ನಿಲ್ಲಿಸಲು ಮಾತ್ರ ಆಗಲಿಲ್ಲ. ಒಂದು ತೋಳಿಗೆ ಮೂರು ಜನರ ಅಂಟು, ಮೂರು ಜನರ ಗುಟ್ಟು!

ಅಬ್ಬಾ ಹೊಸ ಲಾರಿ ಇಸಿದುಕೊಂಡರು. ಸೂಜಿಗೆ ದಾರ ಪೋಣಿಸಿ ಪಳಗಿದ ಬೆರಳುಗಳು ಕೀಲುಗಳನ್ನು ತಾವೇ ಹುಡುಕಿಕೊಂಡವು. ಕಟ್ ಕಟ್ ಎಂದು ಪೈಲ್ವಾನ ಎದ್ದು ನಿಂತ. ಅವರು ಬಲಗೈಯನ್ನು ಎರಡು ಸಲ ಮೆಲ್ಲಗೆ ಜಗ್ಗಿ ನೋಡಿ, "ಹೊಲಿಗಿ ಭೇಷ್ ಅದ" ಎಂದರು. ಮುಂದೆ ಸಲಾಮಿಗೆ ಬಂದ ಒಬ್ಬೊಬ್ಬ ಬೀಗರಿಗೂ, "ನೋಡ್ರಿ, ಇದು ಲಾರಿ. ಈಗ ನೋಡ್ರಿ!" ಎಂದು ತಿರುಗಿಸಿ ತೋರಿಸತೊಡಗಿದರು. ಒಮ್ಮೆ ಕೈ ಚಾಚಿದ ನಾನು ಅವರ ಮುಖ ನೋಡಿ ಹಿಂದಕ್ಕೆಳೆದುಕೊಂಡೆ.

ಬರಿಗೈಲಿ ಮರಳುವಾಗ, ಬಸ್ಸು ಬೀದರ ಮುಟ್ಟುವ ಮೊದಲೇ ಇನ್ನೊಂದು ಕೆಂಪು ಲಾರಿಗೆ ಆರ್ಡರ್ ಹಾಕಿಬಿಟ್ಟೆ. ಮೊದಲಿನದು ತಪ್ಪೊಪ್ಪಿಗೆಗೆ ಆಯಿತು. ಇದು ಬರೀ ಆಡಲಿಕ್ಕೆ.